‘ರಾಸಾಯನಿಕರಹಿತ’ ನೀಲಿ: ಒಂದು ವಿಮರ್ಶೆ

ಕೆಲವು ತಿಂಗಳ ಹಿಂದೆ ಪ್ರೌಢಶಾಲೆಗಳ ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಒಂದು ಮೇಜಿನ ಮೇಲೆ ನೀಲಿ ಗಿಡದ ಒಣಗಿದ ರೆಂಬೆ, ಗಾಜಿನ ತಟ್ಟೆಯಲ್ಲಿ ನೀಲಿ ಪುಡಿ, ಪಕ್ಕದಲ್ಲಿ ಬಣ್ಣ ಹಾಕಿದ ಒಂದು ಕರವಸ್ತ್ರ. ಹಿಂದೆ ತೂಗುಹಾಕಿದ್ದ ಪಟದಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಎಲೆಗಳನ್ನು ನೀರಿನಲ್ಲಿ ನೆನೆಸಿ, ಕಡೆದು, ಸುಣ್ಣ ಸೇರಿಸಿ, ಗಷ್ಟನ್ನು ಒಣಗಿಸಿದರೆ ನೀಲಿ ಸಿದ್ಧ; ಇದರಲ್ಲಿ ಯಾವುದೇ ರಾಸಾಯನಿಕವಿಲ್ಲ; ಪರಿಸರಕ್ಕೆ ಹಾನಿಯಿಲ್ಲ; ಇದು ನಮ್ಮ ಪ್ರಾಚೀನ ಪರಂಪರೆ.

ವಿವರಿಸುತ್ತಿದ್ದ ಹುಡುಗಿ ಒಂಬತ್ತನೆಯ ತರಗತಿಯವಳು. ಚುರುಕಾಗಿ ಹೇಳಿ ಮುಗಿಸಿದಳು. ‘ಸುಣ್ಣ ಅಂದರೆ ಏನಮ್ಮಾ?’ ಎಂದು ಕೇಳಿದೆ. ‘ಸುಣ್ಣ ಅಂದರೆ ಸುಣ್ಣ ಸಾರ್’ ಎಂದಳು. ಒಂದು ಕ್ಷಣ ಸುಮ್ಮನಿದ್ದು, ‘ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾರ್’ ಎಂದು ಸೇರಿಸಿ, ತಿರುಗಿ ತನ್ನದೇ ಪಟವನ್ನು ನೋಡಿದಳು. ಅವಳ ಮುಖ ಚಿಕ್ಕದಾಯಿತು. ಪಕ್ಕದಲ್ಲಿದ್ದ ಶಿಕ್ಷಕರು, ‘ಎಲ್ಲ ಕಡೆಯೂ ಹಾಗೇ ಬರೆದಿದಾರೆ ಸಾರ್’ ಎಂದರು. ಅವರು ಹೇಳಿದ್ದು ನಿಜ. ತಪ್ಪು ಆ ಹುಡುಗಿಯದಲ್ಲ, ಶಿಕ್ಷಕರದೂ ಅಲ್ಲ. ವಿಜ್ಞಾನದ ಬಗ್ಗೆ ಬರೆಯುವ ನಮ್ಮೆಲ್ಲರದು.

ಹಾಗಾಗಿ ಇದು ಒಂದು ಪುಸ್ತಕದ ವಿಮರ್ಶೆಯಲ್ಲ. ನೈಸರ್ಗಿಕ ನೀಲಿಯ ಬಗ್ಗೆ ಪಟಗಳಲ್ಲಿ, ಪತ್ರಿಕೆಯ ಪುರವಣಿಗಳಲ್ಲಿ, ಬಟ್ಟೆ ಅಂಗಡಿಯ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಆ ಅರ್ಧ ಪುಟದ ಕಥನದ ವಿಮರ್ಶೆ. ಅದರಲ್ಲಿರುವುದು ನಾಲ್ಕೇ ಮಾತು: ವಿಧಾನ, ರಾಸಾಯನಿಕವಿಲ್ಲ, ಹಾನಿಯಿಲ್ಲ, ಪರಂಪರೆ. ಒಂದೊಂದನ್ನೂ ಒರೆಗೆ ಹಚ್ಚೋಣ. ನಾನು ನೈಸರ್ಗಿಕ ನೀಲಿಯ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಬಗ್ಗೆ ಆಡುವ ಸಡಿಲ ಮಾತು ಅದಕ್ಕೇ ಅನ್ಯಾಯ ಮಾಡುತ್ತದೆ ಎಂಬುದು ನನ್ನ ದೂರು.

ವಿಧಾನ: ಗಾಳಿಯನ್ನು ಮರೆತ ಕಥನ

ಮೊದಲು ಒಂದು ಗೊಂದಲ ನಿವಾರಿಸೋಣ. ಬಿಳಿ ಬಟ್ಟೆಗೆ ಕೊನೆಯ ನೀರಿನಲ್ಲಿ ಹಾಕುವ ‘ನೀಲಿ’ ಬೇರೆ. ಅದಕ್ಕೂ ನೀಲಿ ಗಿಡಕ್ಕೂ ಸಂಬಂಧವಿಲ್ಲ. ಇಲ್ಲಿ ಹೇಳುತ್ತಿರುವುದು ಇಂಡಿಗೊ ಎಂಬ ಅಣುವಿನ ಬಗ್ಗೆ. ಅದರಲ್ಲಿ 16 ಕಾರ್ಬನ್, 10 ಹೈಡ್ರೋಜನ್, 2 ನೈಟ್ರೋಜನ್, 2 ಆಕ್ಸಿಜನ್ ಪರಮಾಣುಗಳಿವೆ, ಅಣುತೂಕ 262.

ಎಲ್ಲರೂ ತಪ್ಪದೆ ಬಿಟ್ಟುಬಿಡುವ ಸಂಗತಿಯೆಂದರೆ, ನೀಲಿ ಗಿಡದ ಹಸಿರೆಲೆಯಲ್ಲಿ ಇಂಡಿಗೊ ಇರುವುದೇ ಇಲ್ಲ. ಅಲ್ಲಿರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ, ನೀರಿನಲ್ಲಿ ಕರಗುವ ವಸ್ತು: ಇಂಡಾಕ್ಸಿಲ್ ಎಂಬ ಅಣುವಿಗೆ ಒಂದು ಗ್ಲೂಕೋಸ್ ಅಂಟಿಕೊಂಡಿರುತ್ತದೆ. ಎಲೆಯನ್ನು ನೀರಿನಲ್ಲಿ ಮುಳುಗಿಸಿಟ್ಟಾಗ ಎಲೆಯದೇ ಕಿಣ್ವ ಈ ಜೋಡಣೆಯನ್ನು ಕತ್ತರಿಸುತ್ತದೆ. ಹತ್ತು ಹದಿನೈದು ಗಂಟೆಗಳಲ್ಲಿ ನೀರು ಹಸಿರು ಹಳದಿಗೆ ತಿರುಗುತ್ತದೆ. ಆಗ ಎಲೆಗಳನ್ನು ತೆಗೆದು ನೀರನ್ನು ಕಡೆಯುತ್ತಾರೆ, ಬಡಿಯುತ್ತಾರೆ. ಇದು ಮಜ್ಜಿಗೆ ಕಡೆದ ಹಾಗೆ ಬೇರ್ಪಡಿಸುವ ಕೆಲಸವಲ್ಲ. ಗಾಳಿಯನ್ನು ನೀರಿಗೆ ಸೇರಿಸುವ ಕೆಲಸ. 2 ಇಂಡಾಕ್ಸಿಲ್ ಅಣುಗಳೂ 1 ಆಕ್ಸಿಜನ್ ಅಣುವೂ ಕೂಡಿ 1 ಇಂಡಿಗೊ ಅಣು ಮತ್ತು 2 ನೀರಿನ ಅಣುಗಳಾಗುತ್ತವೆ. ಇಂಡಾಕ್ಸಿಲ್‌ನ ಸೂತ್ರದಲ್ಲಿ 8 ಕಾರ್ಬನ್, 7 ಹೈಡ್ರೋಜನ್, 1 ನೈಟ್ರೋಜನ್, 1 ಆಕ್ಸಿಜನ್ ಇವೆ. ಸಮೀಕರಣವನ್ನು ನಿಮ್ಮ ವಿದ್ಯಾರ್ಥಿಗಳಿಂದಲೇ ಸರಿದೂಗಿಸಿ ನೋಡಿ. ಸುಣ್ಣ ದ್ರಾವಣವನ್ನು ಕ್ಷಾರೀಯವಾಗಿಸಿ ಈ ಕ್ರಿಯೆಯನ್ನು ಬೇಗಗೊಳಿಸುತ್ತದೆ, ಹುಟ್ಟಿದ ನೀಲಿ ಕಣಗಳು ತಳಕ್ಕಿಳಿಯಲು ನೆರವಾಗುತ್ತದೆ.

ಇಲ್ಲಿಗೆ ಪಟದ ಕಥೆ ಮುಗಿಯುತ್ತದೆ. ನಿಜವಾದ ಸಮಸ್ಯೆ ಶುರುವಾಗುವುದೇ ಇಲ್ಲಿಂದ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಕರಗದ ವಸ್ತು ನೂಲಿನ ಎಳೆಯೊಳಗೆ ಹೋಗುವುದು ಹೇಗೆ? ಪುಡಿಯನ್ನು ನೀರಿಗೆ ಕಲಸಿ ಬಟ್ಟೆ ಅದ್ದಿದರೆ ಅದು ಕೆಸರು ಮೆತ್ತಿದಂತೆ ಮೆತ್ತಿಕೊಂಡು, ಮೊದಲ ಒಗೆತಕ್ಕೇ ಹೊರಟುಹೋಗುತ್ತದೆ. ಆದ್ದರಿಂದ ಬಣ್ಣಗಾರರು ಅದನ್ನು ಅಪಕರ್ಷಿಸುತ್ತಾರೆ. ಕ್ಷಾರೀಯ ನೀರಿನಲ್ಲಿ, ಗಾಳಿಯಿಂದ ದೂರವಿಟ್ಟು, ಇಂಡಿಗೊ ಅಣುವಿಗೆ 2 ಇಲೆಕ್ಟ್ರಾನುಗಳನ್ನು ಕೊಡಿಸುತ್ತಾರೆ. ಆಗ ಅದು ‘ಲ್ಯೂಕೊ’ ರೂಪಕ್ಕೆ ಬಂದು ಕರಗುತ್ತದೆ. ತೊಟ್ಟಿಯ ನೀರು ಹಳದಿ ಹಸಿರಾಗುತ್ತದೆ. ಬಟ್ಟೆಯನ್ನು ಅದ್ದಿ ಹೊರತೆಗೆದಾಗ ಅದೂ ಹಳದಿ ಹಸಿರು. ಗಾಳಿ ತಗುಲಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಎಳೆಯೊಳಕ್ಕೆ ನುಸುಳಿದ ಅಣು ಅಲ್ಲೇ ಉತ್ಕರ್ಷಣಗೊಂಡು, ಮತ್ತೆ ಕರಗದ ರೂಪ ತಾಳಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಪಟಿಕದಂಥ ಬಣ್ಣ ಕಚ್ಚಿಸುವ ಲವಣ ಬೇಕಿಲ್ಲ.

ಗಮನಿಸಿ: ಎಲೆಯ ರಸ ಕಡೆಯುವಾಗ ಗಾಳಿ ಮಿತ್ರ, ತೊಟ್ಟಿಯಲ್ಲಿ ಶತ್ರು, ಬಟ್ಟೆ ಹೊರಬಂದಾಗ ಮತ್ತೆ ಮಿತ್ರ. ಈ ಮೂರು ಘಟ್ಟಗಳನ್ನು ತಿಳಿದವನಿಗೆ ನೀಲಿ ಬಣ್ಣಗಾರಿಕೆ ತಿಳಿದಂತೆಯೇ. ನಮ್ಮ ಅರ್ಧ ಪುಟದ ಕಥನದಲ್ಲಿ ಗಾಳಿಯ ಹೆಸರೇ ಇಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಸೋತು ಕಲಿತದ್ದು. ಕೆಲವು ವರ್ಷಗಳ ಹಿಂದೆ ಪದವಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ನೀಲಿ ಪುಡಿ, ಸುಣ್ಣ, ಬೆಲ್ಲಗಳನ್ನು ಬೀಕರಿಗೆ ಹಾಕಿದೆ. ‘ಚೆನ್ನಾಗಿ ಕಲಕಿ’ ಎಂದು ಎಲ್ಲೋ ಓದಿದ್ದೆ. ಭೌತವಿಜ್ಞಾನದವನು ನಾನು, ಕಾಂತೀಯ ಕಲಕಿಯ ಮೇಲಿಟ್ಟು, ರಾತ್ರಿಯಿಡೀ ಸುಳಿಯೇಳುವಂತೆ ತಿರುಗಲು ಬಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದಾಗ ನೀರು ಹಾಗೆಯೇ ನೀಲಿಯಾಗಿತ್ತು. ರಾತ್ರಿಯೆಲ್ಲ ಸುಳಿಯ ಮೂಲಕ ಗಾಳಿಯನ್ನು ಊಡಿದ್ದೆನಲ್ಲ! ಬಟ್ಟೆಗೆ ಹತ್ತಿದ ಬಣ್ಣ ನಲ್ಲಿಯ ಕೆಳಗೆ ಹರಿದುಹೋಯಿತು. ಮೂವತ್ತು ವಿದ್ಯಾರ್ಥಿಗಳು ನಗು ತಡೆದುಕೊಂಡು ನಿಂತಿದ್ದರು.

ನನ್ನ ಎರಡನೆಯ ತಪ್ಪನ್ನು ರಸಾಯನವಿಜ್ಞಾನದ ಸಹೋದ್ಯೋಗಿಯೊಬ್ಬರು ತೋರಿಸಿದರು. ‘ಬೆಲ್ಲ ಅಪಕರ್ಷಿಸುತ್ತದೆ’ ಎಂದು ಎಲ್ಲರೂ ಬರೆಯುತ್ತಾರೆ. ಬೆಲ್ಲದ ಬಹುಭಾಗ ಸುಕ್ರೋಸ್. ಸುಕ್ರೋಸ್ ಅಪಕರ್ಷಕ ಸಕ್ಕರೆಯಲ್ಲ ಎಂದು ಫೆಹ್ಲಿಂಗ್ ಪರೀಕ್ಷೆ ಮಾಡಿಸುವಾಗ ನಾವೇ ಹೇಳಿಕೊಡುತ್ತೇವೆ! ಕೆಲಸ ಮಾಡುವುದು ಬೆಲ್ಲದಲ್ಲಿ ಅಲ್ಪ ಪ್ರಮಾಣದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳು. ಆದ್ದರಿಂದಲೇ ಒಂದು ಬೆಲ್ಲದಲ್ಲಿ ತೊಟ್ಟಿ ಬೇಗ ತಯಾರಾಗುತ್ತದೆ, ಇನ್ನೊಂದರಲ್ಲಿ ಸತಾಯಿಸುತ್ತದೆ. ದಿನಗಟ್ಟಲೆ ಹುದುಗಿಸುವ ಸಾಂಪ್ರದಾಯಿಕ ತೊಟ್ಟಿಯ ಮಾತು ಬೇರೆ. ಅಲ್ಲಿ ಬೆಲ್ಲವೋ ತಗಚೆ ಬೀಜದ ಗಂಜಿಯೋ ಬ್ಯಾಕ್ಟೀರಿಯಗಳಿಗೆ ಆಹಾರ. ಇಲೆಕ್ಟ್ರಾನು ಕೊಡಿಸುವ ಕೆಲಸ ಬ್ಯಾಕ್ಟೀರಿಯಗಳದ್ದು. ಯೂರೋಪಿನಲ್ಲಿ ವೋಡ್ ಗಿಡದ ಎಲೆಯಿಂದ ಇದೇ ನೀಲಿಯನ್ನು ತೆಗೆಯುತ್ತಿದ್ದರು. ಅಂಥ ತೊಟ್ಟಿಯಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಕ್ಕೆ ಗಿಡದ ಹೆಸರನ್ನೇ ಸೇರಿಸಿ ಕ್ಲಾಸ್ಟ್ರಿಡಿಯಂ ಐಸಾಟಿಡಿಸ್ ಎಂದು ಹೆಸರಿಟ್ಟಿದ್ದಾರೆ. ಬೆಲ್ಲ ಒಂದೇ ಆದರೂ ಎರಡು ತೊಟ್ಟಿಗಳಲ್ಲಿ ಅದರ ಪಾತ್ರ ಎರಡು. ಇದನ್ನು ಬಿಡಿಸಿ ಹೇಳದ ವಿಧಾನ ಅಡುಗೆ ಪಟ್ಟಿಯಾದೀತು, ವಿಜ್ಞಾನವಾಗಲಾರದು.

‘ರಾಸಾಯನಿಕವಿಲ್ಲ’: ಅಣುವಿಗೆ ಊರಿಲ್ಲ

ನಮ್ಮ ಪತ್ರಿಕೆಗಳ ಕನ್ನಡದಲ್ಲಿ ‘ರಾಸಾಯನಿಕ’ ಎಂಬ ಪದ ವಿಷ ಎಂಬುದಕ್ಕೆ ಪರ್ಯಾಯವಾಗಿಬಿಟ್ಟಿದೆ. ‘ಕೃತಕ’ ಎಂಬ ಪದದ ಪಾಡೂ ಅದೇ. ಕೃತಕ ನಗು ಎಂದರೆ ನಿಜವಲ್ಲದ ನಗು. ಅದೇ ಧಾಟಿಯಲ್ಲಿ ‘ಕೃತಕ ನೀಲಿ’ ಎಂದಾಗ, ಅದು ನೀಲಿಯ ಅನುಕರಣೆ, ಬೇರೆಯೇ ವಸ್ತು ಎಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೂರುತ್ತದೆ. ಸಂಗತಿ ಹಾಗಿಲ್ಲ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1865ರಲ್ಲಿ ಇಂಡಿಗೊ ಕುರಿತ ಕೆಲಸ ಆರಂಭಿಸಿ, 1878 ಮತ್ತು 1880ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿ, 1883ರಲ್ಲಿ ಅದರ ರಚನೆಯನ್ನು ಮುಂದಿಟ್ಟರು. 1905ರ ನೊಬೆಲ್ ಪಾರಿತೋಷಕ ಪಡೆದರು. ಅವರು ಮಾಡಿದ್ದು ನೀಲಿಯಂಥ ಇನ್ನೊಂದನ್ನಲ್ಲ, ಅದೇ ಅಣುವನ್ನು. ಕೇಂದ್ರದಲ್ಲಿರುವ ದ್ವಿಬಂಧದ ಸುತ್ತ ಅಣುವಿನ ಎರಡು ಅರ್ಧಗಳು ಎದುರುಬದುರಾಗಿ ಕೂತಿವೆ ಎಂಬುದು 1928ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ಸ್ಪಷ್ಟವಾಯಿತು. ಎಲೆಯಿಂದ ಬಂದ ಅಣುವಿನ ರಚನೆಯೂ ಅದೇ, ಕಾರ್ಖಾನೆಯಿಂದ ಬಂದದ್ದರ ರಚನೆಯೂ ಅದೇ.

ಬಣ್ಣದ ಕಾರಣವೂ ಒಂದೇ. ಇಷ್ಟು ಪುಟ್ಟ ಅಣು ನೀಲಿಯಾಗಿರುವುದು ಸ್ವಲ್ಪ ಅಸಾಮಾನ್ಯ. ದ್ರಾವಣದಲ್ಲಿ ಅದು ಸುಮಾರು 610 ನ್ಯಾನೊಮೀಟರ್ ಆಸುಪಾಸಿನ ಕಿತ್ತಳೆ ಬೆಳಕನ್ನು ಹೀರುತ್ತದೆ. ಉಳಿದು ಬರುವುದು ನೀಲಿ. 1240ನ್ನು ತರಂಗದೂರದಿಂದ ಭಾಗಿಸಿದರೆ ಶಕ್ತಿ ಇಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಸಿಗುತ್ತದೆ: ಸುಮಾರು 2.0. ಕಾರಣ, ಕೇಂದ್ರದ ದ್ವಿಬಂಧದ ಇಕ್ಕೆಲಗಳಲ್ಲಿ ಇಲೆಕ್ಟ್ರಾನು ಕೊಡುವ ನೈಟ್ರೋಜನ್ ಗುಂಪು, ಸೆಳೆಯುವ ಕಾರ್ಬನ್-ಆಕ್ಸಿಜನ್ ಗುಂಪು ಅಡ್ಡಡ್ಡ ಜೋಡಿಕೊಂಡಿವೆ. ಅಪಕರ್ಷಣದಲ್ಲಿ ಆ ದ್ವಿಬಂಧ ಏಕಬಂಧವಾಗುತ್ತದೆ. ಜೋಡಣೆ ತಪ್ಪುತ್ತದೆ, ಹೀರಿಕೆ ನೇರಿಳೆಯ ಕಡೆಗೆ, ಸುಮಾರು 410 ನ್ಯಾನೊಮೀಟರಿಗೆ, ಅಂದರೆ 3.0 ಇಲೆಕ್ಟ್ರಾನ್ ವೋಲ್ಟ್‌ಗೆ ಸರಿಯುತ್ತದೆ. ತೊಟ್ಟಿಯ ನೀರು ಹಳದಿಯಾಗಿ ಕಾಣುವ ಗುಟ್ಟು ಇದು.

ಇನ್ನೂ ಒಂದು ಸ್ವಾರಸ್ಯವಿದೆ. ಇಂಡಿಗೊ ಪುಡಿಯನ್ನು ಕಾಯಿಸಿದರೆ ಕೆಂಪು ನೇರಿಳೆ ಆವಿ ಏಳುತ್ತದೆ. ಆವಿಯಲ್ಲಿ ಒಂಟಿಯಾಗಿರುವ ಅಣು ಸುಮಾರು 540 ನ್ಯಾನೊಮೀಟರ್ ಬೆಳಕನ್ನು ಹೀರುತ್ತದೆ. ನೆರೆಯ ಅಣುಗಳೊಡನೆ ಹೈಡ್ರೋಜನ್ ಬಂಧಗಳಲ್ಲಿ ತೊಡಗಿದಾಗ ಹೀರಿಕೆ ಉದ್ದ ತರಂಗದೂರದ ಕಡೆಗೆ ಜರುಗಿ ನಮಗೆ ಪರಿಚಿತವಾದ ಗಾಢ ನೀಲಿ ಬರುತ್ತದೆ. ಎಂದರೆ ನಾವು ಬಟ್ಟೆಯ ಮೇಲೆ ನೋಡುವ ನೀಲಿ ಒಂದು ಅಣುವಿನ ಬಣ್ಣವಲ್ಲ, ಅಣುಗಳ ನೆರೆಹೊರೆಯ ಬಣ್ಣ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ಪಟದಲ್ಲಿ ಹೇಳಿದ ಕಡೆ ಅಲ್ಲ. ಮೊದಲನೆಯದು ಜೊತೆಗಾರರು. ಗಿಡದ ನೀಲಿಯ ಬಿಲ್ಲೆಯಲ್ಲಿ ಇಂಡಿಗೊ ಜೊತೆಗೆ ಇಂಡಿರುಬಿನ್ ಎಂಬ ಕೆಂಪು ವರ್ಣವಸ್ತು, ಕಂದು ಪದಾರ್ಥಗಳು, ಸಸ್ಯದ ಅಂಟು, ಸುಣ್ಣದ ಖನಿಜ ಎಲ್ಲ ಇರುತ್ತವೆ. ಇಂಡಿಗೊ ಪಾಲು ತಯಾರಿಕೆಗೆ ತಕ್ಕಂತೆ ಬಹಳವಾಗಿ ಬದಲಾಗುತ್ತದೆ. ಅಚ್ಚರಿಯ ಮಾತೆಂದರೆ, ‘ಶುದ್ಧ’ ಎಂದು ಮಾರುವ ನೈಸರ್ಗಿಕ ನೀಲಿಯೇ ರಾಸಾಯನಿಕವಾಗಿ ಹೆಚ್ಚು ಮಿಶ್ರ. ಅದರ ಛಾಯೆಗೆ ಒಂದು ಸೊಗಸಿದ್ದರೆ ಅದಕ್ಕೆ ಈ ಬೆರಕೆಯೂ ಒಂದು ಕಾರಣ.

ಎರಡನೆಯದು ನನ್ನ ವಿಷಯಕ್ಕೆ ಸೇರಿದ್ದು. ಗಿಡ ವಾಯುಮಂಡಲದ ಕಾರ್ಬನ್ ಡೈಆಕ್ಸೈಡಿನಿಂದ ತನ್ನ ಕಾರ್ಬನ್ ಪಡೆಯುತ್ತದೆ. ಅದರಲ್ಲಿ ಸುಮಾರು ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ ವಿಕಿರಣಶೀಲ ಕಾರ್ಬನ್-14 ಇರುತ್ತದೆ. ಪೆಟ್ರೋಲಿಯಂ ಕೋಟ್ಯಂತರ ವರ್ಷ ಹಳೆಯದು. 5730 ವರ್ಷ ಅರ್ಧಾಯುಷ್ಯವಿರುವ ಕಾರ್ಬನ್-14 ಅದರಲ್ಲಿ ಎಂದೋ ಮುಗಿದಿದೆ. ಆದ್ದರಿಂದ ಬಣ್ಣವನ್ನು ಬೇರ್ಪಡಿಸಿ, ಶುದ್ಧೀಕರಿಸಿ ಕಾರ್ಬನ್-14 ಅಳೆದರೆ ಇಂಡಿಗೊ ಹೊಲದಿಂದ ಬಂತೋ ತೈಲಬಾವಿಯಿಂದ ಬಂತೋ ಹೇಳಬಹುದು. ಅರ್ಧಕ್ಕರ್ಧ ಬೆರೆಸಿದ್ದರೆ ಅಳತೆಯೂ ಅರ್ಧಕ್ಕಿಳಿಯುತ್ತದೆ. ಆದರೆ ಈ ಪರೀಕ್ಷೆಯನ್ನೂ ಕುರುಡಾಗಿ ನಂಬಬೇಡಿ. 1983ರಲ್ಲೇ ತಳಿ ಮಾರ್ಪಡಿಸಿದ ಬ್ಯಾಕ್ಟೀರಿಯದಿಂದ ಇಂಡಿಗೊ ತಯಾರಿಸಿ ತೋರಿಸಿದ್ದಾರೆ. ಸಕ್ಕರೆ ತಿಂದು ಬೆಳೆದ ಬ್ಯಾಕ್ಟೀರಿಯದ ಇಂಡಿಗೊದಲ್ಲೂ ಕಾರ್ಬನ್-14 ಇರುತ್ತದೆ. ಅದು ನೈಸರ್ಗಿಕವೇ? ‘ನೈಸರ್ಗಿಕ’ ಎಂಬ ಪದ ಎಷ್ಟು ಸಡಿಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಸಿಗುವುದು ಕಷ್ಟ.

‘ಹಾನಿಯಿಲ್ಲ’: ಲೆಕ್ಕ ಒಪ್ಪಿಸಿದ ಮೇಲೆ

ಇಂಡಿಗೊ ಎಲ್ಲಿಂದ ಬಂದರೂ ಅದನ್ನು ತೊಟ್ಟಿಯಲ್ಲಿ ಅಪಕರ್ಷಿಸಲೇಬೇಕು. ಬಟ್ಟೆ ಗಿರಣಿಗಳಲ್ಲಿ ಹೆಚ್ಚಾಗಿ ಬಳಸುವ ಅಪಕರ್ಷಕ ಸೋಡಿಯಂ ಡೈಥಯೊನೈಟ್. ಪೇಟೆಯಲ್ಲಿ ಅದನ್ನು ಹೈಡ್ರೋಸ್ ಎನ್ನುತ್ತಾರೆ. ಅದರ ಅಣುತೂಕ 174. ಒಂದು ಅಣು 2 ಇಲೆಕ್ಟ್ರಾನು ಕೊಡುತ್ತದೆ ಎಂದುಕೊಂಡರೆ 262 ಗ್ರಾಂ ಇಂಡಿಗೊಗೆ ಕನಿಷ್ಠ 174 ಗ್ರಾಂ ಬೇಕು. 1 ಕಿಲೋಗ್ರಾಂಗೆ 660 ಗ್ರಾಂಗಿಂತ ಹೆಚ್ಚು. ತೊಟ್ಟಿಗೆ ನುಸುಳುವ ಗಾಳಿಯೂ ಇದನ್ನು ತಿನ್ನುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಕೆಲಸ ಮುಗಿದ ಮೇಲೆ ಇದೆಲ್ಲ ಸಲ್ಫೈಟ್, ಸಲ್ಫೇಟ್‌ಗಳಾಗಿ, ಕಾಸ್ಟಿಕ್ ಸೋಡದ ಜೊತೆಗೆ ಹೊರನೀರಿಗೆ ಸೇರುತ್ತದೆ.

ಈಗ ಎರಡು ತೊಟ್ಟಿಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಗಿಡದ ನೀಲಿ, ಆದರೆ ಹೈಡ್ರೋಸ್ ಮತ್ತು ಕಾಸ್ಟಿಕ್ ಸೋಡ. ಇನ್ನೊಂದರಲ್ಲಿ ಕಾರ್ಖಾನೆಯ ಇಂಡಿಗೊ, ಆದರೆ ಸುಣ್ಣ ಮತ್ತು ಹಣ್ಣಿನ ಸಕ್ಕರೆ. ಯಾವ ಬಟ್ಟೆಯ ಮೇಲೆ ‘ನೈಸರ್ಗಿಕ’ ಎಂಬ ಚೀಟಿ ಇರುತ್ತದೆ? ಮೊದಲನೆಯದರ ಮೇಲೆ. ತೊಟ್ಟಿಯಿಂದ ಯಾವುದರ ನೀರು ಕೆರೆಗೆ ಹೆಚ್ಚು ತೊಂದರೆ ಕೊಡುತ್ತದೆ? ಅದೂ ಮೊದಲನೆಯದೇ. ಚೀಟಿ ಬಣ್ಣದ ಮೂಲವನ್ನು ಮಾತ್ರ ಹೇಳುತ್ತದೆ, ಕ್ರಿಯೆಯನ್ನು ಮುಚ್ಚಿಡುತ್ತದೆ. ಸುಣ್ಣ ಬೆಲ್ಲದ ತೊಟ್ಟಿಯೂ ಪೂರ್ಣ ನಿರಪಾಯಿಯಲ್ಲ. ಅದರ ಪಿಎಚ್ 11ರ ಸುತ್ತಮುತ್ತ ಇರುತ್ತದೆ. ಉಳಿದ ಸಕ್ಕರೆ ನೀರಿನಲ್ಲಿ ಕೊಳೆಯುವಾಗ ಆಕ್ಸಿಜನ್ನನ್ನು ಕಸಿಯುತ್ತದೆ. ಆದರೆ ಅದನ್ನು ತಟಸ್ಥಗೊಳಿಸಿ ನಿಭಾಯಿಸುವುದು ಹೆಚ್ಚು ಸುಲಭ.

ಇಲ್ಲಿ ಕಾರ್ಖಾನೆಯ ಪರ ವಾದಿಸಿ ಮುಗಿಸಿದರೆ ನಾನೂ ಅರ್ಧ ಲೆಕ್ಕವನ್ನೇ ಒಪ್ಪಿಸಿದಂತೆ. ಇಂದು ಬಳಕೆಯಲ್ಲಿರುವ ಸಂಶ್ಲೇಷಣೆಯ ಪ್ರಮುಖ ಮಾರ್ಗ ಅನಿಲೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್‌ಗಳಿಂದ ಹೊರಟು, ಕರಗಿಸಿದ ಕ್ಷಾರ ಮತ್ತು ಸೋಡಮೈಡ್ ಮೂಲಕ ಸಾಗುತ್ತದೆ. ಕಚ್ಚಾವಸ್ತು ಪೆಟ್ರೋಲಿಯಂ ಮೂಲದ್ದು. ಗಿಡದ ಕಡೆ ನೋಡಿದರೆ, ನೀಲಿ ಗಿಡ ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ನೈಟ್ರೋಜನ್ ಸ್ಥಿರೀಕರಿಸುತ್ತದೆ. ರಸ ತೆಗೆದ ಎಲೆ ಒಳ್ಳೆಯ ಗೊಬ್ಬರ. ತಮಿಳುನಾಡಿನ ತಿಂಡಿವನಂ ಸುತ್ತ ರೈತರು ಇಂದಿಗೂ ಇದನ್ನು ಬೆಳೆಯುತ್ತಾರೆ. ಇವು ನೈಸರ್ಗಿಕ ನೀಲಿಯ ನಿಜವಾದ ಗುಣಗಳು. ಪಟದಲ್ಲಿ ಬರೆಯಬೇಕಾದದ್ದು ಇವನ್ನು.

ಹಾಗೆಂದು ಜಗತ್ತಿನ ಎಲ್ಲ ಜೀನ್ಸ್ ಪ್ಯಾಂಟುಗಳನ್ನೂ ಗಿಡದಿಂದಲೇ ನೀಲಿ ಮಾಡಬಹುದೇ? ಒಂದು ಒರಟು ಲೆಕ್ಕ ಹಾಕೋಣ. 1897ರ ಸುಮಾರಿಗೆ ಪ್ರಪಂಚದಲ್ಲಿ, ಬಹುಪಾಲು ಭಾರತದಲ್ಲೇ, ಸುಮಾರು 7000 ಚದರ ಕಿಲೋಮೀಟರ್ ಭೂಮಿ ನೀಲಿಗೆ ಮೀಸಲಾಗಿತ್ತು. ಸಿಗುತ್ತಿದ್ದ ನೀಲಿ ಸುಮಾರು 19,000 ಟನ್. ಎಂದರೆ ಹೆಕ್ಟೇರಿಗೆ ಹತ್ತಿರ ಹತ್ತಿರ 27 ಕಿಲೋಗ್ರಾಂ. ಇಂದು ವರ್ಷಕ್ಕೆ 50,000 ಟನ್ನಿಗೂ ಹೆಚ್ಚು ಇಂಡಿಗೊ ಖರ್ಚಾಗುತ್ತದೆ ಎಂಬ ಅಂದಾಜಿದೆ. ಹಳೆಯ ಇಳುವರಿಯಲ್ಲೇ ಅಷ್ಟನ್ನು ಬೆಳೆಯಲು 18 ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿ ಬೇಕು. ಇಂದಿನ ಇಳುವರಿ ಅದರ ಎರಡರಷ್ಟೆಂದುಕೊಂಡರೂ 9 ಲಕ್ಷ ಹೆಕ್ಟೇರ್. ಅಲ್ಲಿ ಬೆಳೆಯುತ್ತಿರುವ ಅನ್ನ ಎಲ್ಲಿಗೆ ಹೋಗಬೇಕು? ಗಿಡದ ನೀಲಿ ಕಡಿಮೆ ಬಟ್ಟೆ ಕೊಂಡು ಹೆಚ್ಚು ಕಾಲ ಉಡುವವರಿಗೆ ಸರಿ. ಈಗಿನ ಪ್ರಮಾಣದ ಕೊಳ್ಳುವಿಕೆಗೆ ಹಸಿರು ಬಳಿಯಲು ಅದನ್ನು ಬಳಸಿಕೊಳ್ಳುವುದು ಸರಿಯಲ್ಲ.

‘ಪರಂಪರೆ’: ಹೊಲದ ಕಥೆಯನ್ನು ಬಿಡಬಾರದು

ನೀಲಿ ಪ್ರಾಚೀನ ಎಂಬುದರಲ್ಲಿ ಸಂಶಯವಿಲ್ಲ. ಪೆರು ದೇಶದ ಉವಾಕಾ ಪ್ರಿಯೆಟಾದಲ್ಲಿ ದೊರೆತ ಹತ್ತಿ ಬಟ್ಟೆಯ ಚೂರುಗಳಲ್ಲಿ ಸುಮಾರು 6000 ವರ್ಷ ಹಳೆಯ ಇಂಡಿಗೊ ಇದೆ ಎಂದು 2016ರಲ್ಲಿ ವರದಿಯಾಯಿತು. ಅಷ್ಟು ಕಾಲ ಬಾಳಲು ಅಣುವಿನ ಸ್ವಭಾವವೂ ಕಾರಣ. ಬೆಳಕು ಹೀರಿದ ಇಂಡಿಗೊ ಆ ಶಕ್ತಿಯನ್ನು ಅತ್ಯಲ್ಪ ಕಾಲದಲ್ಲಿ, ಒಂದು ಸೆಕೆಂಡಿನ ಸಾವಿರ ಕೋಟಿಯಲ್ಲಿ ಕೆಲವೇ ಪಾಲಿನೊಳಗೆ, ಶಾಖವಾಗಿ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಮುರಿಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ನೀಲಿ ಒಂದೇ ಗಿಡದ ಸೊತ್ತೂ ಅಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದ ಎಲೆಯಿಂದಲೂ ದಕ್ಷಿಣ ಭಾರತದಲ್ಲಿ ಹಿಂದೆ ನೀಲಿ ತೆಗೆಯುತ್ತಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ನೀಲಗಾರ ಎಂಬ ಅಡ್ಡಹೆಸರು ಇನ್ನೂ ಇದೆ.

ಆದರೆ ಪರಂಪರೆ ಎಂದು ಹೆಮ್ಮೆಪಡುವ ಕಥನ ಬಂಗಾಳ ಮತ್ತು ಬಿಹಾರಗಳಿಗೆ ಬಂದಾಗ ಥಟ್ಟನೆ ಮೌನವಾಗುತ್ತದೆ. ಬಲವಂತದ ನೀಲಿ ಬೆಳೆಯ ವಿರುದ್ಧ ಬಂಗಾಳದ ರೈತರು 1859-60ರಲ್ಲಿ ದಂಗೆಯೆದ್ದರು. ಅದೇ 1860ರಲ್ಲಿ ದೀನಬಂಧು ಮಿತ್ರರ ‘ನೀಲ ದರ್ಪಣ’ ನಾಟಕ ಪ್ರಕಟವಾಯಿತು, ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಬಿಹಾರದ ಚಂಪಾರಣದಲ್ಲಿ 20 ಕಟ್ಠಾ ಭೂಮಿಯಲ್ಲಿ 3 ಕಟ್ಠಾ ನೀಲಿ ಬೆಳೆಯಲೇಬೇಕೆಂಬ ‘ತಿನ್‌ಕಠಿಯಾ’ ಪದ್ಧತಿ ಇತ್ತು. ಇಲ್ಲಿ ರಸಾಯನವಿಜ್ಞಾನದ ಪಾಠವೂ ಇತಿಹಾಸದ ಪಾಠವೂ ಒಂದೇ ದಾರಿಯಲ್ಲಿ ಸಂಧಿಸುತ್ತವೆ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಸಂಶ್ಲೇಷಿತ ಇಂಡಿಗೊವನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಯ ಉತ್ಪಾದನೆ 1914ರ ವೇಳೆಗೆ ಸುಮಾರು 1000 ಟನ್ನಿಗೆ ಕುಸಿಯಿತು. ಬಲವಂತದ ಬೆಳೆಯೇ ಹೋಯಿತಲ್ಲ, ರೈತ ಬಿಡುಗಡೆಯಾದ ಎಂದುಕೊಳ್ಳುತ್ತೀರಾ? ಇಲ್ಲ. ನಷ್ಟಕ್ಕೊಳಗಾದ ತೋಟದ ಒಡೆಯರು, ನೀಲಿ ಬೆಳೆಯುವ ಕಟ್ಟುಪಾಡಿನಿಂದ ಬಿಡಿಸುವುದಕ್ಕೆಂದು ರೈತರಿಂದಲೇ ಹೆಚ್ಚುವರಿ ಗೇಣಿ, ಪರಿಹಾರದ ಹಣ ಕಿತ್ತರು. ಮೊದಲ ಮಹಾಯುದ್ಧ ಬಂದು ಜರ್ಮನಿಯ ಬಣ್ಣ ನಿಂತು ಬೆಲೆ ಏರಿದಾಗ ಮತ್ತೆ ನೀಲಿ ಬೆಳೆಸಲು ಹೊರಟರು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ಈ ಹಿನ್ನೆಲೆಯಲ್ಲಿ. 1918ರ ಕಾನೂನು ತಿನ್‌ಕಠಿಯಾವನ್ನು ರದ್ದುಗೊಳಿಸಿತು.

ನಮ್ಮ ಶಾಲೆಗಳಲ್ಲಿ ಬೇಯರ್ ರಸಾಯನವಿಜ್ಞಾನದ ಪುಸ್ತಕದಲ್ಲಿದ್ದಾರೆ, ಚಂಪಾರಣ ಸಮಾಜವಿಜ್ಞಾನದ ಪುಸ್ತಕದಲ್ಲಿದೆ. ಮ್ಯೂನಿಕ್ಕಿನ ಪ್ರನಾಳಕ್ಕೂ ಚಂಪಾರಣದ ಹೊಲಕ್ಕೂ ನಡುವೆ ಇದ್ದ ಎಳೆಯನ್ನು ವಿದ್ಯಾರ್ಥಿಗೆ ತೋರಿಸುವವರು ಕಡಿಮೆ. ಎರಡು ಪಾಠಗಳ ನಡುವಿನ ಗೋಡೆಯನ್ನು ನಾವು ಕಟ್ಟಿದ್ದು. ನೈಸರ್ಗಿಕವಾದದ್ದೆಲ್ಲ ದಯೆಯಿಂದ ಕೂಡಿರುತ್ತದೆ ಎಂಬ ಭ್ರಮೆಯನ್ನೂ, ಹೊಸ ಸಂಶೋಧನೆ ತಾನಾಗಿ ಬಡವನನ್ನು ಬಿಡಿಸುತ್ತದೆ ಎಂಬ ಭ್ರಮೆಯನ್ನೂ ಒಟ್ಟಿಗೇ ಒಡೆಯುವ ಶಕ್ತಿ ನೀಲಿಯ ಕಥೆಗಿದೆ. ಅದನ್ನು ‘ಪ್ರಾಚೀನ ಪರಂಪರೆ’ ಎಂಬ ಎರಡು ಪದಗಳಿಗೆ ಇಳಿಸುವುದು ದೊಡ್ಡ ನಷ್ಟ.

ಶಿಕ್ಷಕರಿಗೆ ಒಂದು ಸಲಹೆ

ಟೀಕಿಸಿ ಸುಮ್ಮನಾಗುವುದು ನ್ಯಾಯವಲ್ಲ. ಪಟ ಬರೆಸುವ ಬದಲು ತೊಟ್ಟಿ ಇಡಿಸಿ. ಫ್ರಾನ್ಸಿನ ಮಿಶೆಲ್ ಗಾರ್ಸಿಯಾ ಜನಪ್ರಿಯಗೊಳಿಸಿದ 1-2-3 ಎಂಬ ಅನುಪಾತ ನೆನಪಿಡಲು ಸುಲಭ: ತೂಕದಲ್ಲಿ 1 ಪಾಲು ನೀಲಿ ಪುಡಿ, 2 ಪಾಲು ಅರಳಿದ ಸುಣ್ಣ, 3 ಪಾಲು ಫ್ರಕ್ಟೋಸ್. 10 ಗ್ರಾಂ ನೀಲಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಅರೆಯಿರಿ. ಸುಮಾರು 2 ಲೀಟರ್ ಬಿಸಿನೀರಿಗೆ ಫ್ರಕ್ಟೋಸ್, ನೀಲಿ, ಕೊನೆಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಎತ್ತರದ, ಬಾಯಿ ಕಿರಿದಾದ ಪಾತ್ರೆಯಾಗಲಿ. ಕೋಲಿನಿಂದ ಅಂಚಿನಲ್ಲಿ ನಿಧಾನವಾಗಿ ತಿರುಗಿಸಿ, ಮುಚ್ಚಿ, ಬಿಸಿಯಾದ ಜಾಗದಲ್ಲಿ ಬಿಡಿ. ಕಾಂತೀಯ ಕಲಕಿಯನ್ನು ಕಪಾಟಿನಲ್ಲೇ ಇಡಿ! ಕೆಲವು ಗಂಟೆಗಳಲ್ಲಿ ಮೇಲೆ ತಾಮ್ರದ ಹೊಳಪಿನ ಕೆನೆ, ಕೆಳಗೆ ಹಳದಿ ಹಸಿರು ನೀರು ಕಂಡರೆ ತೊಟ್ಟಿ ಸಿದ್ಧ. ಸುಣ್ಣದ ತಿಳಿ ಕಣ್ಣಿಗೆ ಬಿದ್ದರೆ ಅಪಾಯ. ಕನ್ನಡಕ, ಕೈಗವಸು ಕಡ್ಡಾಯ. ಚಿಕ್ಕ ಮಕ್ಕಳು ದೂರದಿಂದ ನೋಡಲಿ.

ನೆನೆಸಿ ಹಿಂಡಿದ ಹತ್ತಿ ಬಟ್ಟೆಯ ನಾಲ್ಕು ಚೂರುಗಳನ್ನು 1, 2, 4, 8 ಸಲ ಅದ್ದಿಸಿ. ಪ್ರತಿ ಸಲವೂ ಗಾಳಿಯಲ್ಲಿ ಪೂರ್ತಿ ನೀಲಿಯಾಗಲು ಬಿಟ್ಟೇ ಮತ್ತೆ ಅದ್ದಬೇಕು. ಒಂದೇ ಸಲ ಬಹಳ ಹೊತ್ತು ಅದ್ದಿದ ಐದನೆಯ ಚೂರಿನೊಂದಿಗೆ ಹೋಲಿಸಿ, ವ್ಯತ್ಯಾಸ ಏಕೆ ಎಂದು ಕೇಳಿ. ಒಂದು ಚೂರನ್ನು ಬಿಳಿ ಬಟ್ಟೆಗೆ ಉಜ್ಜಿಸಿ ನೋಡಿ. ಸ್ವಲ್ಪ ನೀಲಿ ಹತ್ತುತ್ತದೆ. ಇಂಡಿಗೊ ಹತ್ತಿಯೊಡನೆ ಬಲವಾದ ಬಂಧ ಮಾಡಿಕೊಂಡಿಲ್ಲ, ಸಿಕ್ಕಿಕೊಂಡು ಕೂತಿದೆ ಎಂಬುದಕ್ಕೆ ಅದೇ ಸಾಕ್ಷಿ. ಬಹುಕಾಲ ಬಾಳುವ ಬಣ್ಣವೇ ಉಜ್ಜಿದರೆ ಬಿಡುತ್ತದೆ ಎಂಬುದನ್ನು ಮಕ್ಕಳು ಕೈಯಾರೆ ಕಾಣಲಿ. ಮುಗಿದ ಮೇಲೆ ನೀರನ್ನು ಮೋರಿಗೆ ಚೆಲ್ಲಬೇಡಿ. ಬಡಿದು, ಉಳಿದ ನೀಲಿಯನ್ನು ತಳಕ್ಕಿಳಿಸಿ, ತಿಳಿಯನ್ನು ಹುಳಿ ಹಾಕಿ ತಟಸ್ಥಗೊಳಿಸಿ, ಪಿಎಚ್ ಕಾಗದದಿಂದ ನೋಡಿ ಆಮೇಲೆ ಚೆಲ್ಲಿ. ‘ಹಾನಿಯಿಲ್ಲ’ ಎಂಬ ಮಾತು ನಿಜವಾಗುವುದು ಹೀಗೆ ಕೆಲಸ ಮಾಡಿದ ಮೇಲೆ, ಬರೆದ ಮಾತ್ರಕ್ಕಲ್ಲ.

ಆ ಮೇಲೆ ಪಟ ಬರೆಯಲಿ. ಅದರಲ್ಲಿ ಮೂರು ಪ್ರಶ್ನೆಗಳಿರಲಿ: ಈ ಬಟ್ಟೆಯ ನೀಲಿಯನ್ನು ಅಪಕರ್ಷಿಸಿದ್ದು ಏನು? ತೊಟ್ಟಿಯ ನೀರು ಎಲ್ಲಿಗೆ ಹೋಯಿತು? ಬೆಳೆದವರಿಗೂ ಅದ್ದಿದವರಿಗೂ ಎಷ್ಟು ಸಿಕ್ಕಿತು? ಈ ಮೂರಕ್ಕೂ ಉತ್ತರವಿರುವ ಬಟ್ಟೆಯನ್ನು ನಾನು ಧೈರ್ಯವಾಗಿ ಕೊಳ್ಳುತ್ತೇನೆ, ಇಂಡಿಗೊ ಎಲ್ಲಿಂದಲೇ ಬಂದಿರಲಿ.

ಅಂದು ಆ ಹುಡುಗಿಯ ತಂಡಕ್ಕೆ ನಾನು ಎರಡನೆಯ ಬಹುಮಾನ ಕೊಟ್ಟೆ. ಹೊರಡುವಾಗ ನೋಡಿದೆ: ಪಟದ ‘ಯಾವುದೇ ರಾಸಾಯನಿಕವಿಲ್ಲ’ ಎಂಬ ಸಾಲಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದು, ಅದರ ಕೆಳಗೆ ‘ಸುಣ್ಣ’ ಎಂದು ಬರೆದು, ಮುಂದೆ ಜಾಗ ಬಿಟ್ಟಿದ್ದಳು. ಆ ಜಾಗವನ್ನು ತುಂಬಲು ಅವಳಿಗೆ ನೆರವಾಗುವುದು ನಮ್ಮ ಕೆಲಸ.